ಪಟಾಕಿಯವರು ಮತ್ತು ಪಂಚರು

ಮಗುವನ್ನು ಕೊಂದವನಿಗೆ ಶಿಕ್ಷೆಯಾಯಿತು ಎಂಬ ಸುದ್ದಿ ಬಂದ ದಿನ ನಮ್ಮ ಮಾಗಡಿ ತಾಲ್ಲೂಕಿನ ಕುದೂರಿನ ಬಸ್ ಸ್ಟ್ಯಾಂಡಿನ ಸುತ್ತಮುತ್ತ ಎರಡು ಅಭಿಪ್ರಾಯ ಕೇಳಿಸುವುದಿಲ್ಲ. ಬೇರೆ ವಿಷಯಗಳಲ್ಲಿ ಒಬ್ಬರ ಮುಖ ಒಬ್ಬರು ನೋಡದ ಪಕ್ಷದವರೂ ಅವತ್ತು ಒಂದೇ ಮಾತಾಡುತ್ತಾರೆ. 2023ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ, ಕೇರಳದ ಆಲುವಾದಲ್ಲಿ ಐದು ವರ್ಷದ ಹುಡುಗಿಯನ್ನು ಕೊಂದವನಿಗೆ ಎರ್ನಾಕುಲಂನ ಪೋಕ್ಸೊ ನ್ಯಾಯಾಲಯ ಮರಣದಂಡನೆ ವಿಧಿಸಿತು. ಕೊಲೆಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ನಮ್ಮ ದೇಶದ ಕೋರ್ಟುಗಳ ನಡಿಗೆ ಗೊತ್ತಿದ್ದವರಿಗೆ ಇದು ಓಟವೇ. ಆದರೂ ಇಂಥ ತೀರ್ಪು ಬಂದಾಗಲೆಲ್ಲ ನಮ್ಮ ಕಡೆ ಏಳುವ ಮಾತು ಇದು: "ಅವತ್ತೇ ಮುಗಿಸೋದು ಬಿಟ್ಟು ಇಷ್ಟು ದಿನ ಅನ್ನ ಹಾಕಿ ಯಾಕ್ ಸಾಕಿದ್ರು ಕಣಣ್ಣ?"

ಆ ಮಾತಿನಲ್ಲಿರುವ ಸಿಟ್ಟು ನನಗೆ ಅರ್ಥವಾಗುತ್ತದೆ. ಅರ್ಥವಾಗದೇ ಉಳಿಯುವುದು ಅದರ ಜೊತೆಗೇ ಇರುವ ಸಂತೋಷ. ಅಪರಾಧಿ ಎಂಬ ತೀರ್ಪಿಗೆ ಸಿಹಿ ಹಂಚುತ್ತೇವೆ, ಪಟಾಕಿ ಹೊಡೆಯುತ್ತೇವೆ, ಸ್ಟೇಟಸ್ ಹಾಕುತ್ತೇವೆ. ಅದೇ ಉಸಿರಿನಲ್ಲಿ ಆ ತೀರ್ಪಿಗೆ ಬೇಕಾದ ವಿಚಾರಣೆಯನ್ನು ದಂಡದ ಖರ್ಚು ಅನ್ನುತ್ತೇವೆ. ಹಾಗಾದರೆ ಸಂಭ್ರಮಿಸುವುದು ಏನನ್ನು?

ಮಗುವಿನ ಕೊಲೆ ನಮ್ಮ ಸೀಮೆಗೆ ದೂರದ ಸುದ್ದಿಯಲ್ಲ. 2017ರ ಮಾರ್ಚ್‌ನಲ್ಲಿ ಮಾಗಡಿ ಪಟ್ಟಣದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಕಾಣೆಯಾಗಿ ಹೆಣವಾಗಿ ಸಿಕ್ಕಿದ್ದಳು. ಪಾರ್ಶ್ವವಾಯು ಹೊಡೆದ ಒಬ್ಬನನ್ನು ಗುಣಪಡಿಸಲು ಮಾಟದ ಹೆಸರಲ್ಲಿ ಬಲಿ ಕೊಟ್ಟರು ಎಂಬುದು ಪೊಲೀಸರ ಆರೋಪವಾಗಿತ್ತು. ಬಂಧನಕ್ಕೊಳಗಾದವರಲ್ಲಿ ಹದಿನೆಂಟು ತುಂಬದ ಹುಡುಗನೂ ಇದ್ದ. ಅಂಥ ಹೊತ್ತಿನಲ್ಲಿ ತಾಲ್ಲೂಕಿನ ಪ್ರತಿ ಮನೆಯಲ್ಲೂ ಮಕ್ಕಳನ್ನು ಸಂಜೆ ಬೇಗ ಒಳಗೆ ಕರೆದುಕೊಳ್ಳುತ್ತಾರೆ. ಆ ಭಯ ನಿಜವಾದದ್ದು. ಇಂಥ ಸುದ್ದಿ ಕೇಳಿ ಏನೂ ಅನ್ನಿಸದ ಊರನ್ನು ಊರು ಅನ್ನಲು ಬಾಯಿ ಬರುವುದಿಲ್ಲ. ಹಾಗಾಗಿ ಜನ ಕೆರಳಬಾರದು, ಎಲ್ಲವನ್ನೂ ಕಾನೂನಿಗೆ ಬಿಟ್ಟು ತಣ್ಣಗಿರಬೇಕು ಎಂದು ಉಪದೇಶಿಸುವವರ ಸಾಲಿನಲ್ಲಿ ನಾನಿಲ್ಲ. ಸತ್ತ ಮಗುವಿಗೆ ತನ್ನ ಪರವಾಗಿ ಕೂಗಲು ಆಗುವುದಿಲ್ಲ. ಯಾರಾದರೂ ಕೂಗಬೇಕು.

ಆದರೆ ಹುಬ್ಬಳ್ಳಿಯನ್ನು ನೋಡಿ. 2025ರ ಏಪ್ರಿಲ್ 13ರಂದು ಅಲ್ಲಿ ಐದು ವರ್ಷದ ಬಾಲಕಿಯ ಕೊಲೆಯಾಯಿತು. ಠಾಣೆಯ ಮುಂದೆ ಜನ ಸೇರಿದರು. ಆರೋಪಿ, ಬಿಹಾರದಿಂದ ಬಂದ ಕೂಲಿಯವ, ತಪ್ಪಿಸಿಕೊಳ್ಳಲು ನೋಡಿದನೆಂದು ಪೊಲೀಸರು ಹಾರಿಸಿದ ಗುಂಡಿಗೆ ಅದೇ ದಿನ ಸತ್ತ. ಗುಂಡು ಹಾರಿಸಿದ ಮಹಿಳಾ ಪಿಎಸ್‌ಐ ಬೆಳಗಾಗುವುದರಲ್ಲಿ ರಾಜ್ಯದ ಕಣ್ಮಣಿಯಾದರು. ಸಾವಿನ ತನಿಖೆ ಸಿಐಡಿಗೆ ಹೋಯಿತು, ಆ ಸುದ್ದಿಯನ್ನು ಎಷ್ಟು ಜನ ಓದಿದರೋ. ಆಲುವಾದಲ್ಲಿ ಸಾಕ್ಷಿಗಳು, ಸವಾಲು, ಪಾಟಿ ಸವಾಲು, ತೀರ್ಪು ಎಲ್ಲವೂ ಇತ್ತು. ಹುಬ್ಬಳ್ಳಿಯಲ್ಲಿ ಒಂದೂ ಇರಲಿಲ್ಲ. ನಮ್ಮ ಸಂಭ್ರಮದ ಭಾಷೆ ಮಾತ್ರ ಎರಡೂ ಕಡೆ ಒಂದೇ ಆಗಿತ್ತು: ನ್ಯಾಯ ಸಿಕ್ಕಿತು. ತೀರ್ಪು ಇದ್ದರೂ ಇರದಿದ್ದರೂ ಸಂತೋಷ ಅಷ್ಟೇ ಎಂದಾದರೆ, ಆ ಸಂತೋಷಕ್ಕೂ ತೀರ್ಪಿಗೂ ಸಂಬಂಧವಿಲ್ಲ ಎಂದೇ ಹೇಳಬೇಕಾಗುತ್ತದೆ.

ಇದಕ್ಕೆ ಗಟ್ಟಿಯಾದ ಎದುರು ವಾದವೊಂದಿದೆ. ಅದನ್ನು ಕೊಯಮತ್ತೂರಿನಿಂದ ಎತ್ತಬಹುದು. 2010ರ ಅಕ್ಟೋಬರ್ 29ರಂದು ಅಲ್ಲಿ ಶಾಲೆಗೆ ಹೊರಟಿದ್ದ ಹತ್ತು ವರ್ಷದ ಹುಡುಗಿಯನ್ನೂ ಅವಳ ತಮ್ಮನನ್ನೂ ಅಪಹರಿಸಿ ಕೊಂದರು. ಇಬ್ಬರು ಆರೋಪಿಗಳು. ಒಬ್ಬ ನವೆಂಬರ್ 9ರಂದು ಪೊಲೀಸ್ ಗುಂಡಿಗೆ ಬಲಿಯಾದ, ಊರಿನವರು ಪಟಾಕಿ ಹೊಡೆದರು. ಇನ್ನೊಬ್ಬ ಮನೋಹರನ್. ಅವನ ವಿಚಾರಣೆ ನಡೆದು, ಮರಣದಂಡನೆಯಾಗಿ, ಮದ್ರಾಸ್ ಹೈಕೋರ್ಟು ದಾಟಿ, 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಒಂಬತ್ತು ವರ್ಷ ತಿಣುಕಿ ಕೋರ್ಟು ಹೇಳಿದ್ದೂ ಜನ ಹನ್ನೊಂದೇ ದಿನಕ್ಕೆ ಹೇಳಿದ್ದೂ ಒಂದೇ ಆಯಿತಲ್ಲ, ಹಾಗಿದ್ದ ಮೇಲೆ ಪಟಾಕಿ ಹೊಡೆದವರದು ತಪ್ಪೇನು?

ಸುಲಭಕ್ಕೆ ತಳ್ಳಿಹಾಕುವ ವಾದವಲ್ಲ ಇದು. ಆದರೆ ಜನ ಹೇಳಿದ್ದು ಸರಿ ಎಂದು ಇವತ್ತು ನಮಗೆ ಗೊತ್ತಾಗಿರುವುದು ಹೇಗೆ? ಎರಡನೆಯವನು ಬದುಕಿ ಉಳಿದು ಕಟಕಟೆಯಲ್ಲಿ ನಿಂತಿದ್ದರಿಂದ. ಇಬ್ಬರೂ ಆ ಬೆಳಗ್ಗೆಯೇ ಸತ್ತಿದ್ದರೆ ನಮ್ಮ ಕೈಯಲ್ಲಿ ಪೊಲೀಸರ ಮಾತೊಂದು ಮಾತ್ರ ಉಳಿಯುತ್ತಿತ್ತು. ಪಟಾಕಿ ಹೊಡೆದವರನ್ನು ಸರಿಯೆಂದು ಸಾಬೀತು ಮಾಡಿದ್ದು ಅವರಿಗೆ ಬೇಡವಾಗಿದ್ದ ವಿಚಾರಣೆಯೇ. ಅಷ್ಟಾದ ಮೇಲೂ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು, ಸಂಜೀವ್ ಖನ್ನಾ, ಅಪರಾಧ ರುಜುವಾತಾಗಿದೆ, ಆದರೆ ಗಲ್ಲು ಬೇಡ, ಜೀವನಪೂರ್ತಿ ಜೈಲಾಗಲಿ ಎಂದು ಬೇರೆ ಬರೆದರು. ಮಾಡಿದ್ದು ಇವನೇ ಹೌದೋ ಎಂಬುದು ಒಂದು ಪ್ರಶ್ನೆ, ಇವನನ್ನು ಏನು ಮಾಡಬೇಕು ಎಂಬುದು ಇನ್ನೊಂದು. 1973ರ ದಂಡ ಪ್ರಕ್ರಿಯಾ ಸಂಹಿತೆ ಈ ಎರಡನ್ನೂ ಬೇರೆ ಬೇರೆಯಾಗಿ ಕೇಳಲೇಬೇಕು ಎಂದು ವಿಧಿಸಿತು. ಟೀ ಅಂಗಡಿಯಲ್ಲಿ ಎರಡಕ್ಕೂ ಒಂದೇ ಗುಟುಕಿನಲ್ಲಿ ಉತ್ತರ ಸಿಗುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಅಪರಾಧಿ ಎಂಬ ತೀರ್ಪಿಗೆ ಬೆಲೆ ಬರುವುದು, ನಿರಪರಾಧಿ ಎಂಬ ತೀರ್ಪೂ ಬರಬಹುದಾಗಿತ್ತು ಎಂಬ ಕಾರಣಕ್ಕೆ. ಯಾರೂ ಫೇಲಾಗಲು ಸಾಧ್ಯವಿಲ್ಲದ ಪರೀಕ್ಷೆಯಲ್ಲಿ ಪಾಸಾದವನಿಗೆ ಹಾರ ಹಾಕುವುದರಲ್ಲಿ ಅರ್ಥವಿಲ್ಲ. ಖುಲಾಸೆಯನ್ನು ಸಹಿಸಲು ಸಿದ್ಧನಿಲ್ಲದವನು ಶಿಕ್ಷೆಯ ತೀರ್ಪಿಗೆ ಕೈ ತಟ್ಟಿದರೆ, ಅವನು ತಟ್ಟುತ್ತಿರುವುದು ತನ್ನ ಊಹೆಗೆ.

ಈ ಮಾತನ್ನು ಸತ್ತ ಮಗುವಿನ ತಾಯಿಗೆ ಹೇಳಲಾಗದು, ಹೇಳಲೂಬಾರದು. ಅವಳು ನ್ಯಾಯಬದ್ಧವಾಗಿ ಯೋಚಿಸಲಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಅವನನ್ನು ನನ್ನ ಕೈಗೆ ಕೊಡಿ ಎಂದು ಅವಳು ಕೂಗಿದರೆ ಅದು ಅವಳ ಮಾತು. ಅವಳ ಸಿಟ್ಟನ್ನು ಕೈಗಡ ತಂದು ಬಡ್ಡಿಯಿಲ್ಲದೆ ಖರ್ಚು ಮಾಡುವ ನಮಗೆ ಮಾತ್ರ ಹಾಗೆ ಕೂಗುವ ಅವಳ ಹಕ್ಕು ದಾಟಿಬರುವುದಿಲ್ಲ. ಅವಳ ಮನೆಯಲ್ಲಿ ಮಗು ಇಲ್ಲ. ನಾವು ಮನೆಗೆ ಹೋಗಿ ಮುದ್ದೆ ಉಂಡು ಮಲಗುತ್ತೇವೆ. ಅವಳಿಗೆ ಇಲ್ಲದ ಬಿಡುವು ನಮಗಿರುವುದೇ ಅನುಮಾನಿಸಲಿಕ್ಕೆ, ಕಾಯಲಿಕ್ಕೆ, ಇವನೇ ಹೌದೇ ಎಂದು ಇನ್ನೊಂದು ಸಲ ಕೇಳಲಿಕ್ಕೆ.

ನಮ್ಮ ಸಿಟ್ಟಿನಿಂದ ಕೋರ್ಟಿಗೇನೂ ಆಗದು, ಅದು ತನ್ನ ಪಾಡಿಗೆ ತಾನು ನಡೆಯುತ್ತದೆ ಎನ್ನುವವರಿದ್ದಾರೆ. ಹಾಗಿಲ್ಲ. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಲ್ಲನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಸೀಮಿತಗೊಳಿಸಿತು. ಮೂರು ವರ್ಷದ ನಂತರ ಮಚ್ಚಿ ಸಿಂಗ್ ಪ್ರಕರಣದಲ್ಲಿ, ಸಮುದಾಯದ ಸಾಮೂಹಿಕ ಆತ್ಮಸಾಕ್ಷಿಗೆ ಆಘಾತವಾದಾಗ ಗಲ್ಲು ವಿಧಿಸಬಹುದು ಎಂದಿತು. ಅಲ್ಲಿಗೆ ನಮ್ಮ ಬಸ್ ಸ್ಟ್ಯಾಂಡಿನ ಮಾತಿಗೆ ನ್ಯಾಯಪೀಠದ ಪಕ್ಕದಲ್ಲೊಂದು ಕುರ್ಚಿ ಸಿಕ್ಕಿತು. ಸಮುದಾಯದ ಆತ್ಮಸಾಕ್ಷಿಯನ್ನು ನ್ಯಾಯಾಧೀಶರು ಅಳೆಯುವುದು ಯಾವ ಮಾಪಕದಿಂದ? ಪೇಪರು, ಟಿವಿ, ಕೋರ್ಟಿನ ಹೊರಗೆ ಸೇರಿದ ಗುಂಪು, ಇವಿಷ್ಟೇ ತಾನೆ ಕಣ್ಣಿಗೆ ಬೀಳುವುದು? 2009ರಲ್ಲಿ ಬರಿಯಾರ್ ಪ್ರಕರಣದ ತೀರ್ಪು ಈ ದಾರಿಯನ್ನೇ ಪ್ರಶ್ನಿಸಿ, ಜನಾಭಿಪ್ರಾಯದಿಂದ ಶಿಕ್ಷೆ ತೂಗುವುದು ಸರಿಯಲ್ಲ ಎಂಬ ಅರ್ಥದಲ್ಲಿ ಮಾತಾಡಿತು. ಹಳೆಯ ಮಾತು ಮಾತ್ರ ಇನ್ನೂ ಚಾಲ್ತಿಯಲ್ಲಿದೆ.

ಗುಂಪು ಕೈ ಚಾಚುವ ಇನ್ನೊಂದು ಜಾಗ ವಕೀಲರ ಸಂಘ. ಇಂಥ ಪ್ರಕರಣ ನಡೆದಾಗ ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದು ಎಂದು ಸಂಘಗಳು ಠರಾವು ಮಾಡುತ್ತವೆ, ಊರು ಭೇಷ್ ಅನ್ನುತ್ತದೆ. ಕೊಯಮತ್ತೂರಿನ ಆ ಪಟಾಕಿಯ ಮರುತಿಂಗಳೇ, 2010ರ ಡಿಸೆಂಬರ್‌ನಲ್ಲಿ, ಅದೇ ಊರಿನ ವಕೀಲರಿಗೆ ಸಂಬಂಧಿಸಿದ ಬೇರೊಂದು ಪ್ರಕರಣದಲ್ಲಿ ಇಂಥ ಠರಾವುಗಳಿಗೆ ಕಾನೂನಿನ ಬೆಲೆಯೇ ಇಲ್ಲ ಎಂದು ನ್ಯಾಯಮೂರ್ತಿ ಮಾರ್ಕಂಡೇಯ ಕಟ್ಜು ಅವರಿದ್ದ ಸುಪ್ರೀಂ ಕೋರ್ಟಿನ ಪೀಠ ಹೇಳಿತು. ಇದರಲ್ಲಿ ಉದಾರತೆಯ ಪ್ರಶ್ನೆಗಿಂತ ಲೆಕ್ಕಾಚಾರದ ಪ್ರಶ್ನೆಯೇ ದೊಡ್ಡದು. ಪಾಟಿ ಸವಾಲು ಎದುರಿಸದ ಸಾಕ್ಷ್ಯದ ಮೇಲೆ ಕಟ್ಟಿದ ತೀರ್ಪು ಮೇಲಿನ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ಸೆಷನ್ಸ್ ಕೋರ್ಟಿನ ಮರಣದಂಡನೆ ಹೈಕೋರ್ಟು ದೃಢಪಡಿಸುವವರೆಗೆ ಜಾರಿಯಾಗುವಂತಿಲ್ಲ. ಹಿಂಡಲಗಾ ಜೈಲಿನಲ್ಲಿ ಆ ದಾರಿ ಕಾಯುತ್ತ ಕೂತವರ ಸುದ್ದಿ ಪಟಾಕಿ ಹೊಡೆದವರಿಗೆ ಸಾಮಾನ್ಯವಾಗಿ ತಲುಪುವುದಿಲ್ಲ.

ಜನ ಯಾವಾಗಲೂ ಯಾರಾದರೊಬ್ಬನ ರಕ್ತ ಕೇಳುತ್ತಾರೆ ಎಂದೂ ಹೇಳಲಾಗದು. 2012ರಲ್ಲಿ ಧರ್ಮಸ್ಥಳದಲ್ಲಿ ಕೊಲೆಯಾದ ಹದಿನೇಳು ವರ್ಷದ ಕಾಲೇಜು ಹುಡುಗಿಯ ಪ್ರಕರಣದಲ್ಲಿ 2023ರ ಜೂನ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಏಕೈಕ ಆರೋಪಿಯನ್ನು ಖುಲಾಸೆ ಮಾಡಿತು. ಆಮೇಲೆ ಬೀದಿಗಿಳಿದವರು ಖುಲಾಸೆ ತಪ್ಪು ಎನ್ನಲಿಲ್ಲ. ಇವನಲ್ಲ ಎಂದು ನಾವು ಮೊದಲೇ ಹೇಳಿದ್ದೆವು, ಹಾಗಾದರೆ ಯಾರು, ಎಂದು ಕೇಳಿದರು. ಈ ಪ್ರಶ್ನೆಯ ಸುತ್ತ ಆಮೇಲೆ ಏನೇನೋ ಬೆಳೆಯಿತು, ಅದರ ಗೋಜಿಗೆ ಇಲ್ಲಿ ಹೋಗುವುದಿಲ್ಲ. ಆದರೆ ಸಿಕ್ಕ ಮನುಷ್ಯನೊಬ್ಬ ಸಾಕು ಎಂದು ಸುಮ್ಮನಾಗದ ಜನರೂ ಇದೇ ರಾಜ್ಯದಲ್ಲಿದ್ದಾರೆ. ಸಿಟ್ಟು ಮತ್ತು ಅನುಮಾನ ಒಂದೇ ಎದೆಯಲ್ಲಿ ಇರಬಲ್ಲವು ಎಂಬುದಕ್ಕೆ ಅಷ್ಟು ಸಾಕು.

ಈಗ ಕುದೂರಿನ ಮಾತಿಗೇ ಬರುತ್ತೇನೆ. ಕೊಲೆ ಕೇಸಿನಲ್ಲಿ ಸಾರ್ವಜನಿಕರಿಗೆ ಕಾನೂನು ಕೊಟ್ಟಿರುವ ನಿಜವಾದ ಪಾತ್ರ ಒಂದಿದೆ, ಅದು ಪಂಚರದು. ಹೆಣ ಸಿಕ್ಕ ಜಾಗದ ಮಹಜರು, ಬಟ್ಟೆ, ಚಪ್ಪಲಿ, ಸ್ಕೂಲ್ ಬ್ಯಾಗು ವಶಪಡಿಸಿಕೊಂಡ ಮಹಜರು, ಆರೋಪಿ ತೋರಿಸಿದ ಮಚ್ಚಿನ ಮಹಜರು, ಎಲ್ಲಕ್ಕೂ ಊರಿನ ಇಬ್ಬರು ಮೂವರು ನಿಂತು ನೋಡಿ ಸಹಿ ಹಾಕಬೇಕು. ಠಾಣೆಯ ಜೀಪು ನಿಂತು, "ಬನ್ನಿ ಸ್ವಾಮಿ, ಒಂದು ಸೈನ್ ಹಾಕಿ" ಎಂದಾಗ ಏನಾಗುತ್ತದೆಂದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಈಗಷ್ಟೇ ನೇಣಿಗೆ ಹಾಕಿ ಎನ್ನುತ್ತಿದ್ದವನಿಗೆ ತೋಟಕ್ಕೆ ನೀರು ಬಿಡುವುದು ನೆನಪಾಗುತ್ತದೆ. ಇನ್ನೊಬ್ಬನ ಫೋನು ರಿಂಗಾಗುತ್ತದೆ. ಲಿಖಿತ ಆದೇಶ ಕೊಟ್ಟು ಕರೆದರೂ ಸಕಾರಣವಿಲ್ಲದೆ ಶೋಧನೆಗೆ ಪಂಚನಾಗಲು ಒಪ್ಪದಿದ್ದರೆ ಅದೇ ಒಂದು ಅಪರಾಧ ಎಂದು ಕಾನೂನು ಹೇಳುತ್ತದೆ. ಆ ಕಲಮನ್ನು ಯಾರ ಮೇಲಾದರೂ ಹಾಕಿದ್ದನ್ನು ನಾನಂತೂ ಕೇಳಿಲ್ಲ.

ಅವರನ್ನು ಬರೀ ಹೇಡಿಗಳು ಅನ್ನುವುದೂ ಅನ್ಯಾಯ. ಪಂಚನಾದವನಿಗೆ ವರ್ಷಗಳ ನಂತರ ಸಮನ್ಸ್ ಬರುತ್ತದೆ. ಕುದೂರಿನಿಂದ ಮಾಗಡಿಗೆ ಒಂದು ಬಸ್ಸು, ಅಲ್ಲಿಂದ ರಾಮನಗರದ ಕೋರ್ಟಿಗೆ ಇನ್ನೊಂದು. ಅವತ್ತಿನ ಕೂಲಿ ಹೋಯಿತು. ಮಧ್ಯಾಹ್ನದವರೆಗೆ ಕಾರಿಡಾರಿನಲ್ಲಿ ಗೋಡೆಗೊರಗಿ ಕಾದರೆ, ಸಾಹೇಬರು ರಜೆ, ಬೇರೆ ಡೇಟ್ ಎಂದು ಕರೆಯುವವನು ಹೇಳಿ ಹೋಗುತ್ತಾನೆ. ಆರೋಪಿಯ ಕಡೆಯವರು ಅದೇ ಬಸ್ಸಿನಲ್ಲಿ ಬಂದಿರುತ್ತಾರೆ, ನೋಡಿ ನಗುತ್ತಾರೆ. ಕೊನೆಗೊಂದು ದಿನ ಕಟಕಟೆ ಹತ್ತಿ, "ಸಹಿ ನನ್ನದೇ ಸ್ವಾಮಿ, ಠಾಣೆಯಲ್ಲಿ ಹಾಕಿಸಿಕೊಂಡ್ರು, ಏನಂತ ಗೊತ್ತಿಲ್ಲ" ಎಂದು ಅವನು ಹೇಳಿದರೆ ಸರ್ಕಾರಿ ವಕೀಲರು ಸಾಕ್ಷಿ ಪ್ರತಿಕೂಲವಾದ ಎಂದು ಘೋಷಿಸುತ್ತಾರೆ. ಕೆಲವೊಮ್ಮೆ ಅವನು ಹೇಳಿದ್ದು ನಿಜವೂ ಆಗಿರುತ್ತದೆ, ಮಹಜರು ಠಾಣೆಯಲ್ಲೇ ಬರೆದದ್ದಾಗಿರುತ್ತದೆ. 2024ರ ಜುಲೈಯಿಂದ ಶೋಧನೆ, ಜಪ್ತಿಗಳನ್ನು ವಿಡಿಯೊ ಮಾಡಲೇಬೇಕೆಂದು 1973ರ ಸಂಹಿತೆಯ ಬದಲಿಗೆ ಬಂದ ಹೊಸ ಸಂಹಿತೆ ವಿಧಿಸಿರುವುದು ಇದೇ ರೋಗಕ್ಕೆ ಮದ್ದು. ವಿಡಿಯೊದಲ್ಲೂ ಪಕ್ಕದಲ್ಲಿ ನಿಂತ ಒಬ್ಬ ಮನುಷ್ಯ ಬೇಕು.

ಹಾಗಾಗಿ ತೀರ್ಪಿನ ದಿನ ಊರು ಸಂತೋಷಪಟ್ಟರೆ ನಾನು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಸಾಕ್ಷಿ ಹೇಳಿದವರು ಯಾರು? ಹೇಳಿದ ಅಂಗಡಿಯವನೋ, ಆಟೊದವನೋ, ಮಗುವನ್ನು ಆರೋಪಿಯ ಜೊತೆ ಕಡೆಯದಾಗಿ ನೋಡಿದ ಅಜ್ಜಿಯೋ ಸಿಹಿ ತಿನ್ನಲಿ. ಅವರದು ಊಹೆಯ ಸಂಭ್ರಮವಲ್ಲ. ತಮ್ಮ ಮಾತನ್ನು ಎದುರು ವಕೀಲ ಹಿಂಜಿ ನೋಡಲು ಬಿಟ್ಟು ಅವರು ಗೆದ್ದವರು.

ನಿಠಾರಿಯಲ್ಲಿ ಹೀಗಾಗಲಿಲ್ಲ. 2006ರ ಡಿಸೆಂಬರ್ ಕೊನೆಗೆ ನೋಯ್ಡಾದ ಒಂದು ಬಂಗಲೆಯ ಹಿಂದಿನ ಮೋರಿಯಲ್ಲಿ ಮಕ್ಕಳ ಮೂಳೆಗಳು ಸಿಕ್ಕವು. ಕಾಣೆಯಾದ ಬಡವರ ಮಕ್ಕಳ ದೂರುಗಳನ್ನು ಪೊಲೀಸರು ಕಿವಿಗೇ ಹಾಕಿಕೊಂಡಿರಲಿಲ್ಲ ಎಂದು ತಂದೆತಾಯಿಗಳು ಗೋಳಿಟ್ಟರು. ಬಂಗಲೆಯ ಮಾಲೀಕನಿಗೂ ಮನೆಗೆಲಸದ ಸುರೇಂದ್ರ ಕೋಲಿಗೂ 2009ರ ಫೆಬ್ರುವರಿಯಲ್ಲಿ ಗಲ್ಲಿನ ಶಿಕ್ಷೆಯಾದಾಗ ಇಡೀ ದೇಶ ನಿಟ್ಟುಸಿರು ಬಿಟ್ಟಿತು. ಮಾಲೀಕ ಆ ಕೇಸಿನಲ್ಲಿ ಅದೇ ವರ್ಷ ಹೈಕೋರ್ಟಿನಲ್ಲಿ ಪಾರಾದ. 2014ರ ಸೆಪ್ಟೆಂಬರ್‌ನಲ್ಲಿ ಕೋಲಿಯನ್ನು ಮೀರಠ್ ಜೈಲಿನಲ್ಲಿ ನೇಣಿಗೇರಿಸಲು ಎಲ್ಲ ಸಿದ್ಧವಾಗಿತ್ತು, ಸುಪ್ರೀಂ ಕೋರ್ಟಿನ ತಡರಾತ್ರಿಯ ತಡೆ ಅವನನ್ನು ಉಳಿಸಿತು. 2023ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟು ಹನ್ನೆರಡು ಪ್ರಕರಣಗಳಲ್ಲಿ, 2025ರ ನವೆಂಬರ್ 11ರಂದು ಉಳಿದೊಂದರಲ್ಲಿ ಸುಪ್ರೀಂ ಕೋರ್ಟು, ಅವನನ್ನು ಖುಲಾಸೆ ಮಾಡಿದವು. ತಪ್ಪೊಪ್ಪಿಗೆ ನಂಬುವಂಥದ್ದಲ್ಲ, ವಸ್ತುಗಳ ಜಪ್ತಿ ಕ್ರಮಬದ್ಧವಲ್ಲ, ತನಿಖೆ ಕೆಟ್ಟದ್ದು ಎಂದವು. ಇಷ್ಟು ದೀರ್ಘ ತನಿಖೆಯ ನಂತರವೂ ನಿಜವಾದ ಕೊಲೆಗಾರ ಯಾರೆಂದು ಕಾನೂನು ಒಪ್ಪುವಂತೆ ಸ್ಥಾಪಿಸಲಾಗಲಿಲ್ಲ ಎಂದು ಸುಪ್ರೀಂ ಕೋರ್ಟು ವಿಷಾದಿಸಿತು.

2009ರಲ್ಲಿ ಗಲ್ಲಿಗೆ ಕೈ ತಟ್ಟಿದವರಲ್ಲಿ ಯಾರೂ ಆವತ್ತು ಆ ಜಪ್ತಿ ಸರಿಯಾಗಿ ನಡೆಯಿತೇ ಎಂದು ಕೇಳಿರಲಿಲ್ಲ. ಕೇಳಿದ್ದರೆ ಅವರನ್ನು ಕೊಲೆಗಾರನ ವಕೀಲರು ಎನ್ನುತ್ತಿದ್ದೆವು. ಹತ್ತೊಂಬತ್ತು ವರ್ಷ ಕಳೆದ ಮೇಲೆ ಮೋರಿ, ಮೂಳೆ, ಸಾಕ್ಷಿಗಳ ನೆನಪು ಯಾವುದನ್ನೂ ಹೊಸದಾಗಿ ತಡಕಲಾಗದು. ನಿಠಾರಿಯ ತಂದೆತಾಯಿಗಳು ಈಗ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂಬುದನ್ನು ಹೇಳಬಲ್ಲ ಕೋರ್ಟು ಇಲ್ಲ, ಕೇಳಲು ಅವತ್ತಿನ ಜನವೂ ಅಲ್ಲಿಲ್ಲ.