ಹಳೆಯ ಸ್ಕೀಮಿನವರು

2024ರ ಮಳೆಗಾಲದಲ್ಲಿ ನಮ್ಮ ರಾಜ್ಯದ ದೊಡ್ಡದೊಂದು ಪದವಿ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ನಿಂತವರಿಗೆ ಒಂದೇ ಕಟ್ಟಡದೊಳಗೆ ಹಲವು ಬಗೆಯ ಪದವಿಗಳು ಒಟ್ಟಿಗೆ ನಡೆಯುತ್ತಿರುವುದು ಕಾಣುತ್ತಿತ್ತು. ಆಗಷ್ಟೇ ಸೇರಿದವರಿಗೆ ಮೂರು ವರ್ಷದ ಪದವಿ, ಹೊಸ ಸಿಲಬಸ್. ಎರಡನೆಯ ಮತ್ತು ಮೂರನೆಯ ವರ್ಷದವರು ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮಕ್ಕೆ ಸೇರಿದವರು. 2021ರಲ್ಲಿ ಸೇರಿ ಮೂರು ವರ್ಷ ಮುಗಿಸಿದವರಲ್ಲಿ ಬಯಸಿದವರಿಗೆ ನಾಲ್ಕನೆಯ ವರ್ಷದ ಆನರ್ಸ್. ಇವರೆಲ್ಲರಿಗಿಂತ ಹಿಂದೆ, ಅದಕ್ಕೂ ಮುಂಚಿನ ಪಠ್ಯಕ್ರಮದಲ್ಲಿ ಒಂದೋ ಎರಡೋ ಪೇಪರ್ ಉಳಿಸಿಕೊಂಡು ಪರೀಕ್ಷೆಯ ದಿನ ಮಾತ್ರ ಕಾಲೇಜಿಗೆ ಬಂದು ಹೋಗುವ ರಿಪೀಟರುಗಳು. ಕಾಲೇಜಿನ ಕಚೇರಿಯಲ್ಲಿ ಹೊಸಬರನ್ನು ಬಿಟ್ಟು ಉಳಿದವರಿಗೆಲ್ಲ ಒಂದೇ ಹೆಸರು, ಹಳೆಯ ಸ್ಕೀಮಿನವರು.

ಇದು ಹೇಗಾಯಿತೆಂಬುದು ಬಹಳ ಜನಕ್ಕೆ ಗೊತ್ತಿರುವ ಸಂಗತಿಯೇ. 2020ರ ಜುಲೈನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಶಿಕ್ಷಣ ನೀತಿಗೆ ಒಪ್ಪಿಗೆ ಕೊಟ್ಟಿತು. ಮರುವರ್ಷವೇ ಕರ್ನಾಟಕ ಅದನ್ನು ಪದವಿ ಮಟ್ಟದಲ್ಲಿ ಜಾರಿಗೆ ತಂದಿತು. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬ ಮೆಟ್ಟಿಲುಗಳು ಬಂದವು. ಓಪನ್ ಎಲೆಕ್ಟಿವ್ ಬಂತು. 2023ರ ಅಕ್ಟೋಬರಿನಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳುವ ಆದೇಶ ಹೊರಡಿಸಿತು.

ಮೂರು ಒಳ್ಳೆಯದೋ ನಾಲ್ಕು ಒಳ್ಳೆಯದೋ ಎಂಬ ಚರ್ಚೆ ಇಲ್ಲಿ ಬೇಡ. ಎರಡೂ ಕಡೆ ತೂಕದ ಮಾತಾಡಬಲ್ಲವರಿದ್ದಾರೆ. ನನ್ನ ಮನಸ್ಸು ಹೋಗುವುದು ನೋಟಿಸ್ ಬೋರ್ಡಿನ ಮುಂದೆ ನಿಂತು ತಮ್ಮ ಸಾಲು ಯಾವುದೆಂದು ಹುಡುಕುವ ಮಕ್ಕಳ ಕಡೆಗೆ.

ಬದಲಾವಣೆ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿದ್ದ ಮ್ಯಾನಿ ಲೆಹ್ಮನ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಕಂಪ್ಯೂಟರ್ ಪ್ರೋಗ್ರಾಂಗಳ ಬಗ್ಗೆ ಕೆಲವು ನಿಯಮಗಳನ್ನು ಹೇಳಿದರು. ಮನುಷ್ಯರ ದಿನದ ವ್ಯವಹಾರದೊಳಗೆ ಸೇರಿಕೊಂಡ ಪ್ರೋಗ್ರಾಂ ನಿರಂತರ ಬದಲಾಗುತ್ತಲೇ ಇರಬೇಕು, ಇಲ್ಲದಿದ್ದರೆ ಅದರ ಉಪಯೋಗ ದಿನದಿನಕ್ಕೂ ಕಡಿಮೆಯಾಗುತ್ತದೆ ಎಂಬುದು ಮೊದಲ ನಿಯಮ. ವರ್ಗಮೂಲ ಹುಡುಕುವ ಪ್ರೋಗ್ರಾಮನ್ನು ಒಮ್ಮೆ ಸರಿಯಾಗಿ ಬರೆದರೆ ಮುಗಿಯಿತು. ಸಂಬಳದ ಲೆಕ್ಕ ಹಾಕುವ ಪ್ರೋಗ್ರಾಂ ಹಾಗಲ್ಲ, ತುಟ್ಟಿಭತ್ಯೆ ಬದಲಾದಾಗಲೆಲ್ಲ ಅದನ್ನು ಮುಟ್ಟಲೇಬೇಕು. ಪದವಿಯ ಪಠ್ಯಕ್ರಮ ಈ ಎರಡನೆಯ ಜಾತಿಯದು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಬಿಕಾಂ ತರಗತಿಯಲ್ಲಿ ವ್ಯಾಟ್, ಸೇವಾ ತೆರಿಗೆಗಳನ್ನೇ ಬೋಧಿಸುತ್ತಾ ಕೂತರೆ ಅದು ಮಕ್ಕಳಿಗೆ ಮಾಡಿದ ಅನ್ಯಾಯ. ಹಳೆಯದನ್ನು ಹಾಗೆಯೇ ಉಳಿಸಿಕೊಳ್ಳುವುದೂ ಒಂದು ತೀರ್ಮಾನವೇ, ಅದಕ್ಕೂ ಯಾರೋ ಒಬ್ಬರು ಬೆಲೆ ತೆರುತ್ತಾರೆ.

ಲೆಹ್ಮನ್ ಅವರ ಎರಡನೆಯ ನಿಯಮವನ್ನು ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯ ಸಭೆಗಳಲ್ಲಿ ಕೂತವರು ಓದಿದರೆ ತಮ್ಮದೇ ಅನುಭವ ಎನ್ನುತ್ತಾರೆ. ಪ್ರೋಗ್ರಾಂ ಬದಲಾದಂತೆಲ್ಲ ಅದರ ಸಿಕ್ಕು ಹೆಚ್ಚುತ್ತದೆ; ಸಿಕ್ಕು ಬಿಡಿಸುವುದಕ್ಕೆಂದೇ ಬೇರೆ ಶ್ರಮ ಹಾಕದೆ ಅದು ಕಡಿಮೆಯಾಗದು. ಪಠ್ಯಕ್ರಮದಲ್ಲೂ ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಪ್ರತಿಯೊಂದು ಘಟಕದ ಹಿಂದೆ ಅದನ್ನು ಪ್ರೀತಿಯಿಂದ ಕಲಿಸುತ್ತಾ ಬಂದ ಒಬ್ಬ ಮೇಷ್ಟ್ರಿರುತ್ತಾರೆ. ಅತಿಥಿ ಉಪನ್ಯಾಸಕರಿಗಂತೂ ಒಂದು ಪೇಪರ್ ಹೋದರೆ ವರ್ಕ್‌ಲೋಡ್ ಹೋಗುತ್ತದೆ, ವರ್ಕ್‌ಲೋಡ್ ಹೋದರೆ ಮನೆಗೆ ಬರುವ ಆದಾಯ ನಿಲ್ಲುತ್ತದೆ. ಈ ಭಯ ಸಣ್ಣದಲ್ಲ. ಸಭೆಯಲ್ಲಿ ಬಾಯಿಬಿಟ್ಟು ಯಾರೂ ಹೇಳದಿದ್ದರೂ ಎಲ್ಲರ ಮನಸ್ಸಿನಲ್ಲಿರುತ್ತದೆ. ಹಾಗಾಗಿ ಪಠ್ಯ ಉಬ್ಬುತ್ತಾ ಹೋಗುತ್ತದೆ, ಹದಿನಾರು ವಾರದ ಸೆಮಿಸ್ಟರ್ ಅಷ್ಟೇ ಇರುತ್ತದೆ.

ನಡುವೆ ಬದಲಾವಣೆ ಮಾಡುವುದಕ್ಕೂ ಒಂದು ಕ್ರಮವಿದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಸಿಆರ್ ಎಂಬುದು ನಿತ್ಯದ ಮಾತು. ಚೇಂಜ್ ರಿಕ್ವೆಸ್ಟ್ ಎಂಬುದರ ಚುಟುಕು. ಒಪ್ಪಂದಕ್ಕೆ ಸಹಿ ಬಿದ್ದು ಕೆಲಸ ಅರ್ಧ ನಡೆದಿರುವಾಗ ಗ್ರಾಹಕ ಕಂಪನಿಗೆ ಬೇರೇನೋ ಬೇಕೆನಿಸುತ್ತದೆ. ಆಗ ಏನು ಬದಲಾಗಬೇಕು, ಅದರಿಂದ ಬೇರೆ ಯಾವ ಯಾವ ಭಾಗಗಳು ಅಲುಗಾಡುತ್ತವೆ, ಎಷ್ಟು ದಿನ ಹೆಚ್ಚು, ಎಷ್ಟು ಹಣ ಹೆಚ್ಚು ಎಂದು ಬರೆಯುತ್ತಾರೆ. ಎರಡೂ ಕಡೆಯವರು ಓದಿ, ಒಗ್ಗದ್ದಕ್ಕೆ ತಕರಾರು ಹೇಳಿ, ಕೊನೆಗೆ ಸಹಿ ಹಾಕುತ್ತಾರೆ. ನಮ್ಮ 1872ರ ಕರಾರು ಅಧಿನಿಯಮದ 62ನೆಯ ಕಲಂ ಹೇಳುವುದೂ ಇದರ ಬೇರನ್ನೇ: ಹಳೆಯ ಕರಾರಿನ ಜಾಗದಲ್ಲಿ ಹೊಸದನ್ನು ಇಡಲು ಅಥವಾ ಅದನ್ನು ಬದಲಿಸಲು ಪಕ್ಷಕಾರರು ಒಪ್ಪಿದರೆ ಹಳೆಯದನ್ನು ನೆರವೇರಿಸಬೇಕಾಗಿಲ್ಲ. ಎಲ್ಲವೂ ನಿಂತಿರುವುದು ಒಪ್ಪಿದರೆ ಎಂಬುದರ ಮೇಲೆ.

ವಿದ್ಯಾರ್ಥಿಯೂ ಒಂದು ಕರಾರಿಗೆ ಒಳಪಟ್ಟವನೇ. ಪ್ರಾಸ್ಪೆಕ್ಟಸ್ ಓದಿ, ಅಪ್ಪ ಅಮ್ಮನ ಹತ್ತಿರ ಮಾತಾಡಿ, ಹಾಸ್ಟೆಲ್ಲಿಗೆ ಅರ್ಜಿ ಹಾಕಿ, ಫೀಸು ಕಟ್ಟಿ ಬಂದಿರುತ್ತಾನೆ. ಇಂಥ ವಿಷಯಗಳನ್ನು ಓದುತ್ತೇನೆ, ಇಷ್ಟು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಬಿಎಡ್ಡಿಗೋ ಎಂಎಗೋ ಅರ್ಹನಾಗುತ್ತೇನೆ ಎಂದು ನಂಬಿ ಬಂದಿರುತ್ತಾನೆ. ಆದರೆ ಆ ಪಠ್ಯಕ್ರಮ ಬದಲಾಗುವಾಗ ಅವನ ಸಹಿ ಎಲ್ಲಿಯೂ ಬೇಕಾಗಿಲ್ಲ. ಅಧ್ಯಯನ ಮಂಡಳಿ ಕರಡು ಮಾಡುತ್ತದೆ, ವಿದ್ಯಾವಿಷಯಕ ಪರಿಷತ್ತು ಒಪ್ಪುತ್ತದೆ, ಸುತ್ತೋಲೆ ಹೊರಡುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಾಂಕನಕ್ಕೆ ವಿದ್ಯಾರ್ಥಿಗಳ ಅಭಿಪ್ರಾಯ ಪಡೆಯುವುದುಂಟು, ಅದು ಒಳ್ಳೆಯದೇ. ಆದರೂ ಅಭಿಪ್ರಾಯ ಹೇಳುವುದು ಬೇರೆ, ಒಪ್ಪಿಗೆ ಕೊಡುವುದು ಬೇರೆ. ಹದಿನೆಂಟರ ಹುಡುಗಿ ಒಬ್ಬಳು ಪರಿಷತ್ತಿನ ಎದುರು ಕೂತು ಈ ಸಿಆರ್ ನನಗೆ ಒಗ್ಗುವುದಿಲ್ಲ ಎನ್ನುವ ವ್ಯವಸ್ಥೆ ನಮ್ಮಲ್ಲಿಲ್ಲ, ಬಹುಶಃ ಪೂರ್ತಿಯಾಗಿ ಆಗುವಂಥದ್ದೂ ಅಲ್ಲ. ಹಾಗಿದ್ದ ಮೇಲೆ ಪಠ್ಯಕ್ರಮ ತಿದ್ದುವವರ ಮೇಲೆ ಕಂಪನಿಯ ವಕೀಲರಿಗಿಂತ ದೊಡ್ಡ ಹೊಣೆ ಬೀಳುತ್ತದೆ. ಮೇಜಿನ ಎರಡೂ ಬದಿಯಲ್ಲಿ ಅವರೇ ಕೂರಬೇಕು. ತಮ್ಮ ಪರವಾಗಿ ಒಮ್ಮೆ, ಅಲ್ಲಿಲ್ಲದವಳ ಪರವಾಗಿ ಒಮ್ಮೆ ಓದಬೇಕು.

ಕಾನೂನು ಬರೆಯುವವರು ಇದನ್ನು ಬಹಳ ಹಿಂದೆಯೇ ಕಲಿತಿದ್ದಾರೆ. ಹಳೆಯ ಕಾಯ್ದೆಯನ್ನು ತೆಗೆದು ಹೊಸದನ್ನು ತರುವಾಗ ಸಾಮಾನ್ಯವಾಗಿ ಕೊನೆಯ ಕಡೆಗೆ ನಿರಸನ ಮತ್ತು ಉಳಿಸುವಿಕೆ ಎಂಬ ಕಲಂ ಇರುತ್ತದೆ. ಹಳೆಯದು ಹೋಯಿತು, ಆದರೆ ಅದರಡಿ ಹುಟ್ಟಿದ ಹಕ್ಕುಗಳು, ಶುರುವಾದ ಪ್ರಕರಣಗಳು ಹೋಗಲಿಲ್ಲ ಎಂದು ಅದು ಹೇಳುತ್ತದೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 6ನೆಯ ಕಲಂನಲ್ಲಿ ಇದೇ ತತ್ತ್ವವಿದೆ. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು 1860ರ ದಂಡ ಸಂಹಿತೆ ಹೋಯಿತು. ಆದರೆ ಜೂನ್ 30ರವರೆಗೆ ನಡೆದ ಅಪರಾಧಕ್ಕೆ ಇಂದಿಗೂ ಹಳೆಯ ಸಂಹಿತೆಯೇ ಅನ್ವಯ. ಹೊಸ ಸಂಹಿತೆಯ ಕೊನೆಯ ಕಲಂ 358 ಅದನ್ನು ಉಳಿಸಿಕೊಟ್ಟಿದೆ. ಕಾನೂನು ಕಾಲೇಜಿನ ಮಕ್ಕಳು ಇನ್ನೂ ಅನೇಕ ವರ್ಷ ಎರಡನ್ನೂ ತಿಳಿದಿರಬೇಕು. ಹೊರೆಯೇ, ನಿಜ. ಆ ಹೊರೆ ಹೊರುವುದರಿಂದಲೇ ಮಧ್ಯದಲ್ಲಿ ಸಿಕ್ಕಿಕೊಂಡವನಿಗೆ ನ್ಯಾಯ ಸಿಗುತ್ತದೆ.

ಸಾಫ್ಟ್‌ವೇರ್ ಲೋಕದಿಂದಲೂ ಒಂದು ಮಾತು ಹೇಳಬೇಕು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೂರನೆಯ ಆವೃತ್ತಿ 2008ರ ಡಿಸೆಂಬರಿನಲ್ಲಿ ಬಂತು. ಹಳೆಯ ಆವೃತ್ತಿಯಲ್ಲಿ ಐದನ್ನು ಎರಡರಿಂದ ಭಾಗಿಸಿದರೆ ಎರಡು ಬರುತ್ತಿತ್ತು, ಹೊಸದರಲ್ಲಿ ಎರಡೂವರೆ ಬರುತ್ತದೆ. ಕೇಳಲು ಸಣ್ಣದು, ಆದರೆ ಹಳೆಯ ಲೆಕ್ಕ ನಂಬಿ ಬರೆದ ಪ್ರೋಗ್ರಾಂಗಳು ಜಗತ್ತಿನ ತುಂಬ ಓಡುತ್ತಿದ್ದವು. ಅವುಗಳನ್ನು ಬರೆದವರನ್ನು ಭಾಷೆಯ ನಿರ್ಮಾತೃಗಳು ಕೈಬಿಡಲಿಲ್ಲ. ಎರಡನೆಯ ಆವೃತ್ತಿಗೆ 2015ರವರೆಗೆ ಬೆಂಬಲ ಕೊಡುತ್ತೇವೆಂದವರು, ಜನ ಇನ್ನೂ ದಾಟಿ ಬಂದಿಲ್ಲವೆಂದು ಕಂಡು 2020ರ ಜನವರಿ 1ರವರೆಗೆ ಅದನ್ನು ಮುಂದೂಡಿದರು. ಹನ್ನೊಂದು ವರ್ಷ ಎರಡನ್ನೂ ನೋಡಿಕೊಂಡರು. ಕೂಲಿಯಿಲ್ಲದೆ ದುಡಿಯುವ ಸ್ವಯಂಸೇವಕರೇ ಬಹುಪಾಲು ಇದ್ದ ಬಳಗ ಅದು ಎಂಬುದನ್ನು ನೆನೆದಾಗ ನನಗೆ ಗೌರವ ಹೆಚ್ಚುತ್ತದೆ.

ಮಲೆನಾಡಿನ ಅಡಿಕೆ ತೋಟದಲ್ಲೂ ಹೀಗೆಯೇ, ಹಳೆಯ ಮರಗಳ ನಡುವೆಯೇ ಹೊಸ ಸಸಿ ನೆಡುತ್ತಾರೆ. ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಹಳೆಯ ಮರಕ್ಕೂ ಗೊಬ್ಬರವುಂಟು, ಅಡಿಕೆ ಕೊನೆ ಇಳಿಸುವ ಕೊನೆಗೌಡ ಅದನ್ನೂ ಹತ್ತುತ್ತಾನೆ.

ನಮ್ಮ ವಿಶ್ವವಿದ್ಯಾಲಯಗಳು ಹೀಗೆ ಹಳೆಯದನ್ನೂ ನೋಡಿಕೊಳ್ಳುವುದೇ ಇಲ್ಲವೆಂದರೆ ತಪ್ಪಾಗುತ್ತದೆ. 2024ರ ಆದೇಶದಲ್ಲಿಯೂ ಮೊದಲೇ ಸೇರಿದವರು ತಮ್ಮ ಪಠ್ಯಕ್ರಮದಲ್ಲೇ ಮುಂದುವರಿಯಲು ಅವಕಾಶವಿತ್ತು. ಸೇರಿದ ಸ್ಕೀಮಿನಲ್ಲೇ ಪರೀಕ್ಷೆ ಎಂಬ ಪದ್ಧತಿ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಇದೆ. 2015ರ ಸ್ಕೀಮ್, 2018ರ ಸ್ಕೀಮ್, 2022ರ ಸ್ಕೀಮ್ ಎಂದು ಮಕ್ಕಳು ತಮ್ಮನ್ನು ಊರಿನ ಹೆಸರಿನಂತೆ ಹೇಳಿಕೊಳ್ಳುತ್ತಾರೆ. ಕೆಲವೇ ಮಂದಿ ಬರೆಯುವ ಹಳೆಯ ಪೇಪರಿಗೆ ಪ್ರಶ್ನೆಪತ್ರಿಕೆ ತಯಾರಿಸಿ, ಮುದ್ರಿಸಿ, ಮೌಲ್ಯಮಾಪಕರನ್ನು ಹುಡುಕುವ ಪರೀಕ್ಷಾಂಗದ ಸಿಬ್ಬಂದಿಯ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ದೊಡ್ಡ ಕೆಲಸ.

ಆದರೆ ನಿಯಮ ಉಳಿಸಿದ್ದನ್ನು ತರಗತಿ ಉಳಿಸುವುದಿಲ್ಲ. ಹಳೆಯ ಪೇಪರನ್ನು ಪರೀಕ್ಷೆಯಲ್ಲಿ ಬರೆಯಬಹುದು, ಕೇಳಿ ಕಲಿಯಲು ತರಗತಿ ಇರುವುದಿಲ್ಲ. ಪಠ್ಯಪುಸ್ತಕ ಅಂಗಡಿಯಲ್ಲಿ ಸಿಗುವುದಿಲ್ಲ. ಇಂಟರ್ನಲ್ ಅಂಕ ಯಾರ ಹತ್ತಿರ ಇದೆಯೆಂದು ಹುಡುಕಬೇಕು. ರಿಪೀಟರುಗಳೆಂದರೆ ಯಾರು? ಓದುವಾಗಲೇ ಕೆಲಸಕ್ಕೆ ಸೇರಿಕೊಳ್ಳಬೇಕಾಗಿ ಬಂದವರು, ನಡುವೆ ಮದುವೆಯಾಗಿ ಹೋದವರು, ಇಂಗ್ಲಿಷಿನ ಒಂದೇ ಪೇಪರ್ ದಾಟಲಾಗದೆ ನಿಂತವರು. ಜಾಣರಾಗಿ ಸಕಾಲಕ್ಕೆ ಮುಗಿಸಿದವರಿಗೆ ಸ್ಕೀಮ್ ಬದಲಾದದ್ದರ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ತಟ್ಟುವುದು ಮೊದಲೇ ಹಿಂದೆ ಬಿದ್ದವರಿಗೆ. ಅವರಿಗೆ ಪ್ರತಿಯೊಂದು ಪರಿಷ್ಕರಣೆಯೂ ಗುರಿಯನ್ನು ಇನ್ನಷ್ಟು ದೂರ ಎತ್ತಿಡುತ್ತದೆ. ಕೊನೆಯ ಅವಕಾಶ ಎಂಬ ಸುತ್ತೋಲೆ ಹೊರಬಿದ್ದು ಅವರ ಕೈಗೆ ತಲುಪುವಷ್ಟರಲ್ಲಿ ದಂಡವಿಲ್ಲದೆ ಶುಲ್ಕ ಕಟ್ಟುವ ದಿನಾಂಕ ಕಳೆದಿರುವುದೂ ಉಂಟು.

ದಿಲ್ಲಿ ವಿಶ್ವವಿದ್ಯಾಲಯ 2013ರಲ್ಲಿ ನಾಲ್ಕು ವರ್ಷದ ಪದವಿ ತಂದು, 2014ರ ಜೂನಿನಲ್ಲಿ ಕೈಬಿಟ್ಟು, 2022ರಲ್ಲಿ ಮತ್ತೆ ನಾಲ್ಕು ವರ್ಷಕ್ಕೆ ಹೋಯಿತು. ವಿಶ್ವವಿದ್ಯಾಲಯದ ಆಯುಸ್ಸಿನಲ್ಲಿ ಒಂಬತ್ತು ವರ್ಷ ಏನೂ ಅಲ್ಲ. 2013ರಲ್ಲಿ ಸೇರಿದ ಹುಡುಗನಿಗೆ ಆ ಒಂದು ವರ್ಷವೇ ಅವನ ಇಡೀ ಪದವಿಯ ಅಡಿಪಾಯ.

ನಮ್ಮ ರಾಜ್ಯದ ಆಯೋಗ ತನ್ನ ಅಂತಿಮ ವರದಿಯನ್ನು 2025ರ ಆಗಸ್ಟಿನಲ್ಲಿ ಸಲ್ಲಿಸಿದೆ. ಮತ್ತೆ ಸಭೆಗಳು ಸೇರುತ್ತವೆ, ಮತ್ತೆ ಕರಡುಗಳು ತಯಾರಾಗುತ್ತವೆ, ಆಗಲಿ. ಆ ಸಭೆಗಳ ಕಾರ್ಯಸೂಚಿಯಲ್ಲಿ ಹೊಸ ಪೇಪರುಗಳ ಪಟ್ಟಿಗಿಂತ ಮೊದಲು ಹಳೆಯ ಸ್ಕೀಮಿನವರ ವಿಷಯ ಬರಲಿ ಎಂಬುದು ನನ್ನ ಆಸೆ. ಎಷ್ಟು ಜನ ಉಳಿದಿದ್ದಾರೆ, ಯಾವ ಯಾವ ಪೇಪರಿನಲ್ಲಿ, ಹೊಸದರ ಯಾವ ಪೇಪರನ್ನು ಅದಕ್ಕೆ ಸಮಾನವೆಂದು ಒಪ್ಪಬಹುದು, ರಜೆಯಲ್ಲಿ ಅವರಿಗಾಗಿ ಹತ್ತು ದಿನ ಪಾಠ ಮಾಡಲು ಯಾರು ಸಿದ್ಧರಿದ್ದಾರೆ, ಆ ಮೇಷ್ಟ್ರಿಗೆ ಗೌರವಧನ ಎಲ್ಲಿಂದ ಬರುತ್ತದೆ. ಇಷ್ಟನ್ನು ತೀರ್ಮಾನಿಸಿ, ಅವರ ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶ ಕಳಿಸಿ, ಆಮೇಲೆ ಮೊದಲ ಸೆಮಿಸ್ಟರಿನ ಮೊದಲ ಪೇಪರಿಗೆ ಬರಬಹುದು.