ಕಂಬ, ಕಮಾನು, ಕಾಲ

● ಮೈಸೂರಿನ ಚಾಮರಾಜಪುರಂನ ಹಳೇ ಮನೆಗಳ ಮುಂದಿನ ಜೋಡಿ ದುಂಡುಕಂಬಗಳು ಹೊರುವುದು ಚಿಕ್ಕ ಸೂರನ್ನು, ಮೆರೆಸುವುದು ದೊಡ್ಡ ಮನೆತನವನ್ನು.

● ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೊ 16ನೇ ಶತಮಾನದಲ್ಲಿ ಜಮೀನ್ದಾರರ ಹಳ್ಳಿಮನೆಗಳಿಗೆ ರೋಮಿನ ದೇಗುಲದ ಮುಖ ಕೊಟ್ಟ. 1570ರಲ್ಲಿ ಆ ವಿದ್ಯೆಯನ್ನು ಪುಸ್ತಕ ಮಾಡಿದ. ಮನೆಗಳು ನಿಂತಲ್ಲೇ ನಿಂತವು, ಪುಸ್ತಕ ಊರೂರು ತಿರುಗಿತು. ಇಂಗ್ಲೆಂಡ್ ಸುತ್ತಿ, ಮದ್ರಾಸ್ ದಾಟಿ ಆ ಮುಖ ಮೈಸೂರಿಗೂ ಬಂತು.

● ಕುಕ್ಕರಹಳ್ಳಿ ಕೆರೆಯ ಆಚೆಗಿನ ಜಯಲಕ್ಷ್ಮಿ ವಿಲಾಸದಲ್ಲಿ ಕಂಬಗಳು ಯುರೋಪಿನವು. ಅವುಗಳ ಮೇಲಿನ ತ್ರಿಕೋನದಲ್ಲಿ ಕೂತವಳು ಗಜಲಕ್ಷ್ಮಿ. ಶೈಲಿಯನ್ನು ಎಲ್ಲಿಂದಲಾದರೂ ತನ್ನಿ, ಯಜಮಾನಿಕೆ ಮಾತ್ರ ಮನೆಯವರ ಕೈಯಲ್ಲಿರಲಿ.

● 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲೇ ಮರದ ಅರಮನೆ ಸುಟ್ಟುಹೋಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಹೊಸದಕ್ಕೆ ಕಲ್ಲು, ಇಟ್ಟಿಗೆ, ಕಬ್ಬಿಣ ಬಳಸಿದ. ಬೆಂಕಿ ಕಲಿಸುವ ವಾಸ್ತು ಯಾವ ಶಾಸ್ತ್ರದಲ್ಲೂ ಇಲ್ಲ.

● ಅದೇ ರಾಜಕುಮಾರಿಗೆಂದು 1905ರಲ್ಲಿ ಎದ್ದ ವಿಲಾಸ ಮುಂದೆ ವಿಶ್ವವಿದ್ಯಾಲಯದ ಪಾಲಾಯಿತು, ಜಾನಪದ ವಸ್ತುಸಂಗ್ರಹಾಲಯವಾಯಿತು. ಒಕ್ಕಲು ಮನೆಯ ಸಾಮಾನು, ತೊಗಲುಗೊಂಬೆ, ಯಕ್ಷಗಾನದ ಕಿರೀಟ ಅಲ್ಲಿಗೆ ಬಂದವು. ಬಂಗಲೆ ಉಳಿದದ್ದು ಹಳ್ಳಿಯವರ ಪುಣ್ಯದಿಂದ.

● ಪಾಳು ಬೀಳುವುದು ಬದಲಾದ ಮನೆಯಲ್ಲ, ಬೀಗ ಬಿದ್ದ ಮನೆ.

● ನಜರ್‌ಬಾದಿನ ಗವರ್ನಮೆಂಟ್ ಹೌಸ್‌ನ ಮುಂಭಾಗ 1805ರ ಹೊತ್ತಿನದು, ಅಚ್ಚುಕಟ್ಟಾದ ಕಂಬಸಾಲಿನದು. ಹಿಂದೆ ಸೇರಿಸಿದ ವಿಶಾಲ ಹಜಾರಕ್ಕೆ ಒಂದು ಕಂಬವೂ ಇಲ್ಲ. ಸೇರಿಸಿದ್ದು ಮೂಲಕ್ಕಿಂತ ದಿಟ್ಟವಾಗಿರುವುದೂ ಉಂಟು.

● ಆ ಹಜಾರ ಕಟ್ಟಿದ ಎಂಜಿನಿಯರ್ ಡಿ ಹ್ಯಾವಿಲೆಂಡ್, ಕಾವೇರಿಗೆ ಒಂದೇ ಕಮಾನಿನ ಸೇತುವೆ ಸಾಧ್ಯವೆಂದು ತೋರಿಸಲು ಶ್ರೀರಂಗಪಟ್ಟಣದಲ್ಲಿ ಇಟ್ಟಿಗೆಯ ಕಮಾನೊಂದನ್ನು ಎಬ್ಬಿಸಿದ. ಸೇತುವೆ ಆಗಲೇ ಇಲ್ಲ. ಕಮಾನು 1937ರವರೆಗೆ ನಿಂತಿತ್ತು. ಕೆಲವರ ವಾದ ಅವರ ಯೋಜನೆಗಿಂತ ಗಟ್ಟಿ.

● ಎಡಕ್ಕೊಂದು ಕಿಟಕಿ ಇಟ್ಟರೆ ಬಲಕ್ಕೂ ಒಂದು ಇರಲೇಬೇಕೆನ್ನುವುದು ಪಲ್ಲಾಡಿಯೊನ ಹಟ. ಅಣ್ಣತಮ್ಮಂದಿರು ಪಾಲಾದಾಗ ಈ ಹಟ ಉಪಕಾರಕ್ಕೆ ಬರುತ್ತದೆ: ನಡುವೆ ಗೋಡೆ ಎಬ್ಬಿಸಿದರೆ ಒಬ್ಬೊಬ್ಬನಿಗೆ ಒಂದು ಕಿಟಕಿ, ಒಂದು ಕಂಬ, ಅರ್ಧ ತ್ರಿಕೋನ.

● ಪೋರ್ಟಿಕೊ ಕಟ್ಟಿದ್ದು ಸಾರೋಟಿಗೆ. ಆಮೇಲೆ ಕಾರು ನಿಂತಿತು, ಈಗ ಪಿ.ಜಿ. ಹುಡುಗರ ಬೈಕುಗಳು ನಿಂತಿವೆ. ಬಂದವರನ್ನೆಲ್ಲ ನೆರಳಿಗೆ ಕರೆದುಕೊಳ್ಳುವುದೇ ಪೋರ್ಟಿಕೊದ ಧರ್ಮ.

● ಸುಣ್ಣದ ಗಾರೆ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಅದರ ಬಿರುಕಿಗೆ ಮೆತ್ತಿದ ಸಿಮೆಂಟು ತೇವವನ್ನು ಒಳಗೇ ಕೂಡಿಹಾಕುತ್ತದೆ. ದಾರಿ ಸಿಗದ ನೀರು ಪಕ್ಕದ ಇಟ್ಟಿಗೆಗೆ ನುಗ್ಗುತ್ತದೆ. ಗಾರೆ ಉಬ್ಬುತ್ತದೆ, ಉಗುರಿಗೆ ಪುಡಿಪುಡಿಯಾಗಿ ಉದುರುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ತೇಪೆ ಗಟ್ಟಿಯಾಗಿರುತ್ತದೆ, ಗೋಡೆ ಇರುವುದಿಲ್ಲ.

● ತಾರಸಿಯ ಸಂದಿನಲ್ಲಿರುವ ಎರಡೆಲೆಯ ಅರಳಿ ಸಸಿಯನ್ನು ಕೈಯಲ್ಲಿ ಕೀಳಲು ಯಾರಿಗೂ ಪುರುಸೊತ್ತಿಲ್ಲ. ಅದು ಮರವಾಗಿ ಗೋಡೆ ಸೀಳಿದ ಮೇಲೆ ಸಮಿತಿ ರಚಿಸಲು ಎಲ್ಲರಿಗೂ ಪುರುಸೊತ್ತು.

● ‘ಮೂಲ ರೂಪಕ್ಕೆ ತರುತ್ತೇವೆ’ ಎನ್ನುವವರನ್ನು ಕೇಳಬೇಕು: ಯಾವ ವರ್ಷದ ಮೂಲ? ಜಯಲಕ್ಷ್ಮಿ ವಿಲಾಸಕ್ಕಾದರೆ ರಾಜಕುಮಾರಿಯದೋ, ವಿಶ್ವವಿದ್ಯಾಲಯದ್ದೋ?

● ಹಿಂದಿನವರ ಬದಲಾವಣೆಯನ್ನು ಚರಿತ್ರೆ ಎನ್ನುತ್ತೇವೆ, ಪಕ್ಕದ ಮನೆಯವರದನ್ನು ಅಭಿರುಚಿಯ ಕೊರತೆ ಎನ್ನುತ್ತೇವೆ.

● ಎಲ್ಲ ಬದಲಾವಣೆಯೂ ಚರಿತ್ರೆಯಾಗುವುದಿಲ್ಲ. ಭಾರ ಹೊತ್ತ ಗೋಡೆ ಯಾವುದು, ಅಡ್ಡಗೋಡೆ ಯಾವುದು ಎಂದು ತಿಳಿದವನು ಮಾಡಿದ್ದು ಮಾರ್ಪಾಡು. ತಿಳಿಯದವನು ಮಾಡಿದ್ದು ಅಪಘಾತದ ಮುಂಗಡ.

● ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಕಟ್ಟಡ ವರ್ಷಗಟ್ಟಲೆ ಬೀಳುತ್ತಿರುತ್ತದೆ. ಪತ್ರಿಕೆಗೆ ಸುದ್ದಿಯಾಗುವುದು ಕೊನೆಯ ದಿನ ಮಾತ್ರ.

● ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ ಮಾತ್ರಕ್ಕೆ ಮಾಳಿಗೆ ಸೋರುವುದು ನಿಲ್ಲುವುದಿಲ್ಲ.

● ಹಳೇ ಮನೆ ಇರುವವರಲ್ಲಿ ಒಂದು ವಿನಂತಿ: ದಸರಾಗೆ ಬಣ್ಣ ಹೊಡೆಸುವ ದುಡ್ಡಿನಲ್ಲಿ ಮೊದಲು ಮಳೆನೀರಿನ ದೋಣಿ ಶುಚಿ ಮಾಡಿಸಿ. ಗೋಡೆ ಒಡೆಸುವ ಮುನ್ನ ಗಾರೆ ಕೆಲಸ ಬಲ್ಲ ಮೇಸ್ತ್ರಿಯೊಬ್ಬರನ್ನು ಕರೆಸಿ ತೋರಿಸಿ. ಅಂಥವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.