ಹಬ್ಬದ ಊಟವೂ ಸಕ್ಕರೆ ಕಾಯಿಲೆಯೂ

ಕ್ರಿಸ್ತಜಯಂತಿಯು ಸಮೀಪಿಸುವಾಗ ನಮ್ಮ ಸಭೆಗಳ ಮನೆಗಳಲ್ಲಿ ಒಲೆಗೆ ವಿಶ್ರಾಂತಿಯಿರುವದಿಲ್ಲ. ಕರಾವಳಿಯ ಸೀಮೆಯವರು ನೆವರಿ, ಕುಲ್‌ಕುಲ್, ಚಕ್ಕುಲಿ, ಉಂಡೆ ಮೊದಲಾದವುಗಳನ್ನು ಮಾಡಿ ಕುಸ್ವಾರ್ ಎಂದು ನೆರೆಮನೆಗಳಿಗೆ ಹಂಚುತ್ತಾರೆ. ಧಾರವಾಡ ಗದಗಿನ ಕಡೆಯವರು ಕರಿಗಡಬು, ಶೇಂಗಾ ಹೋಳಿಗೆ, ಗೋದಿ ಹುಗ್ಗಿಗಳನ್ನು ಮಾಡುತ್ತಾರೆ. ಮೈಸೂರು ಸೀಮೆಯಲ್ಲಿ ಒಬ್ಬಟ್ಟು ಕಜ್ಜಾಯಗಳಿಲ್ಲದೆ ಹಬ್ಬವೇ ಇಲ್ಲವೆಂದು ಹಿರಿಯರು ಹೇಳುವರು. ಇದೆಲ್ಲಾ ಸಂತೋಷದ ಸಂಗತಿಯೇ. ಆದರೆ ಈಗಿನ ಕಾಲದಲ್ಲಿ ಪಂಕ್ತಿಯಲ್ಲಿ ಕೂತವರೊಳಗೆ ಒಬ್ಬರಿಗಾದರೂ ವೈದ್ಯರು, ಸಕ್ಕರೆಯನ್ನು ಕಡಿಮೆಮಾಡಬೇಕು, ಮೈಭಾರವನ್ನು ಇಳಿಸಬೇಕು ಎಂದು ಹೇಳಿರುವದು ಅಪರೂಪವಲ್ಲ. ಅಂಥವರು ಹಬ್ಬದ ದಿನದಲ್ಲಿ ಏನು ಮಾಡತಕ್ಕದ್ದು? ಅವರಿಗೆ ಬಡಿಸುವವರು ಏನು ಮಾಡತಕ್ಕದ್ದು? ಇದು ಬರೇ ಅಡಿಗೆಮನೆಯ ಮಾತೆಂದು ಕೆಲವರು ನೆನಸಬಹುದು. ನಮಗಾದರೋ ಇದರೊಳಗೆ ಪ್ರೀತಿಯ ವಿಷಯವಾದ ಒಂದು ದೊಡ್ಡ ಪ್ರಶ್ನೆ ಅಡಗಿರುವದಾಗಿ ಕಾಣುತ್ತದೆ. ಆದಕಾರಣ ಈ ತಿಂಗಳು ಇದನ್ನು ವಾಚಕರ ಮುಂದೆ ಇಡುತ್ತೇವೆ.

ಮೊದಲು ರೋಗದ ಸ್ವಭಾವವನ್ನು ತಿಳುಕೊಳ್ಳೋಣ. ಇದು ಹೊಸ ರೋಗವಲ್ಲ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವದನ್ನು ನಮ್ಮ ದೇಶದ ಪುರಾತನ ವೈದ್ಯರು ಕಂಡು ಇದನ್ನು ಮಧುಮೇಹವೆಂದು ಕರೆದರು. ನಾವು ತಿಂದ ಅನ್ನ, ರೊಟ್ಟಿ, ಬೆಲ್ಲ ಇವೆಲ್ಲಾ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ಜಠರದ ಹಿಂದುಗಡೆಯಲ್ಲಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸುರಿಸುತ್ತದೆ. ಅದರ ಸಹಾಯದಿಂದ ಆ ಸಕ್ಕರೆಯು ಮಾಂಸಖಂಡಗಳನ್ನು ಹೊಕ್ಕು ಬಲವಾಗುತ್ತದೆ. ಆ ರಸವು ಸಾಲದೆ ಹೋದರೆ, ಇಲ್ಲವೆ ದೇಹವು ಅದರ ಮಾತನ್ನು ಕೇಳದೆ ಹೋದರೆ, ಸಕ್ಕರೆಯು ರಕ್ತದಲ್ಲಿಯೇ ನಿಂತು, ವರುಷಗಳು ಕಳೆದಂತೆ ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರ ಇವುಗಳನ್ನು ಕೆಡಿಸುತ್ತದೆ. ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯದೆ, ಗಾಯವು ಮಾಯದೆ, ಕಡೆಗೆ ಕಾಲನ್ನೇ ಕಳಕೊಂಡವರು ಉಂಟು. 1921ನೇ ಇಸವಿಯಲ್ಲಿ ಕೆನಡಾ ದೇಶದ ಟೊರಾಂಟೊ ಪಟ್ಟಣದಲ್ಲಿ ಬ್ಯಾಂಟಿಂಗ್, ಬೆಸ್ಟ್ ಎಂಬವರು ಈ ರಸವನ್ನು ಬೇರ್ಪಡಿಸುವದಕ್ಕೆ ಮುಂಚೆ, ಈ ರಸವು ಪೂರಾ ಬತ್ತಿಹೋದ ಚಿಕ್ಕ ಮಕ್ಕಳು ಹೆಚ್ಚು ಕಾಲ ಬದುಕುತ್ತಿದ್ದಿಲ್ಲ.

ಇದು ಪಟ್ಟಣದ ಧನವಂತರ ರೋಗವೆಂದು ಹಳ್ಳಿಯವರು ನಿಶ್ಚಿಂತೆಯಿಂದಿರುವದು ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ನೇ ಇಸವಿಯಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರು ಈ ರೋಗಕ್ಕೆ ಒಳಗಾಗಿದ್ದಾರೆ; ಇನ್ನು 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ರೋಗ ಹತ್ತಿದವರು ಪಟ್ಟಣಗಳಲ್ಲಿ ಹೆಚ್ಚು. ಆದರೆ ಹೊಸ್ತಿಲಲ್ಲಿ ನಿಂತವರ ಲೆಕ್ಕದಲ್ಲಿ ಪಟ್ಟಣಕ್ಕೂ ಹಳ್ಳಿಗೂ ಹೆಚ್ಚಿನ ಭೇದವು ಕಾಣಲಿಲ್ಲ.

ಈ ರೋಗಿಯ ಕುರಿತು ನಮ್ಮೊಳಗೆ ಎರಡು ತಪ್ಪು ಮಾತುಗಳು ನಡೆಯುತ್ತವೆ. ಒಂದನೆಯದು: ಬಾಯಿಚಪಲದವನಾದ್ದರಿಂದ ಅವನಿಗೆ ಇದು ಬಂತು ಎಂಬದು. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಪಾಪ ಮಾಡಿದವರು ಯಾರೆಂದು ವಿಚಾರಿಸಿದಾಗ ಕರ್ತನು ಆ ವಿಚಾರಣೆಯನ್ನೇ ಒಪ್ಪಲಿಲ್ಲವಷ್ಟೆ. ಈ ರೋಗಕ್ಕೆ ತಂದೆತಾಯಿಗಳಿಂದ ಬಂದ ದೇಹಪ್ರಕೃತಿಯು ಕಾರಣವಾಗುವದುಂಟು. ಮಿತವಾಗಿ ಉಣ್ಣುವವರಿಗೂ, ಸಣಕಲು ಮೈಯವರಿಗೂ, ಏನೂ ಅರಿಯದ ಕೂಸುಗಳಿಗೂ ಇದು ಬರುತ್ತದೆ. ಮೈತುಂಬಿದವರನ್ನೆಲ್ಲಾ ಹೊಟ್ಟೆಬಾಕರೆಂದು ನಗುವದು ಕ್ರೈಸ್ತರಿಗೆ ತಕ್ಕದ್ದಲ್ಲ. ಎರಡನೆಯ ಮಾತು ಇದಕ್ಕೆ ವಿರೋಧವಾದದ್ದು: ದೇವರು ಇಟ್ಟಂತೆ ಆಗುವದು, ತಿಂದರೇನು ಬಿಟ್ಟರೇನು ಎಂಬದು. ಇದಕ್ಕೆ ವಿಶ್ವಾಸವೆಂದು ಹೆಸರಿಟ್ಟರೂ, ನಮ್ಮ ಹಿರಿಯರು ಯಾವ ಹಣೆಬರಹದ ಭಯವನ್ನು ಬಿಟ್ಟು ಬಂದರೋ ಅದೇ ಭಯವು ಬೇರೆ ಅಂಗಿಯನ್ನು ತೊಟ್ಟು ತಿರಿಗಿ ಬಂದಂತಿದೆ. ಚೆನ್ನೈಯ ವೈದ್ಯರು ಹೊಸ್ತಿಲಲ್ಲಿದ್ದ ಐನೂರಕ್ಕೆ ಮೇಲ್ಪಟ್ಟ ಜನರನ್ನು ಸುಮಾರು ಮೂರು ವರುಷ ಪರೀಕ್ಷಿಸಿ 2006ರಲ್ಲಿ ಫಲವನ್ನು ಪ್ರಕಟಿಸಿದರು. ವಿಶೇಷ ನೆರವಿಲ್ಲದೆ ಇದ್ದವರಲ್ಲಿ ನೂರಕ್ಕೆ 55 ಮಂದಿಗೆ ರೋಗವು ಬಂತು. ಊಟವನ್ನು ತಿದ್ದಿಕೊಂಡು ದಿನಾಲು ನಡೆಯುವಂತೆ ಬಿಡದೆ ಬುದ್ಧಿ ಹೇಳಿಸಿಕೊಂಡವರಲ್ಲಿ ನೂರಕ್ಕೆ 39 ಮಂದಿಗೆ ಬಂತು. ಎಲ್ಲರೂ ತಪ್ಪಿಸಿಕೊಳ್ಳಲಿಲ್ಲ, ನಿಜ. ಆದರೆ ನೂರರಲ್ಲಿ ಹದಿನಾರು ಮಂದಿ ಕಡಿಮೆಯಾದದ್ದು ಅಲ್ಪವೋ?

ಈಗ ಹಬ್ಬದ ಪಂಕ್ತಿಗೆ ಬರೋಣ. ಅಯ್ಯನವರು ಹಬ್ಬದ ದಿನ ಹದಿನೈದು ಇಪ್ಪತ್ತು ಮನೆಗಳಿಗೆ ಹೋಗತಕ್ಕವರು. ಪ್ರತಿಯೊಂದು ಮನೆಯಲ್ಲಿ ತಟ್ಟೆ ಬರುತ್ತದೆ. ಬೇಡವೆಂದರೆ, ಇದೊಂದು ತಿಂದರೆ ಏನಾಗುತ್ತದೆ ಅಯ್ಯನವರೇ, ಬಡವರ ಮನೆಯದೆಂದು ಬೇಡವೋ ಎಂದು ಕೇಳುತ್ತಾರೆ. ಈ ಮಾತಿಗೆ ಉತ್ತರ ಕೊಡುವದು ಕಷ್ಟ. ಒಂದು ಕಾಲದಲ್ಲಿ ಯಾರ ಮನೆಯ ನೀರನ್ನು ಊರವರು ಮುಟ್ಟುತ್ತಿದ್ದಿಲ್ಲವೋ, ಅಂಥವರ ಮಕ್ಕಳು ಮೊಮ್ಮಕ್ಕಳು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಅವರ ಕೈಯ ತಟ್ಟೆಯನ್ನು ತಿರಸ್ಕರಿಸುವದು ಹಳೆಯ ಗಾಯವನ್ನು ಕೆದಕಿದಂತೆ ಆದೀತು. ಒಂದು ಕಡೆಯಲ್ಲಿ ಸಹೋದರನ ಮಾನವು, ಇನ್ನೊಂದು ಕಡೆಯಲ್ಲಿ ನಮ್ಮ ದೇಹವು, ಎರಡೂ ದೇವರವೇ. ಹೀಗಿರಲಾಗಿ ಯಾವದನ್ನು ಕಾಯಬೇಕು?

ಎರಡನ್ನೂ ಕಾಯುವದಕ್ಕೆ ದಾರಿಯುಂಟೆಂದು ನಾವು ತಿಳಿಯುತ್ತೇವೆ. ಯಾಕಂದರೆ ತಟ್ಟೆಯನ್ನು ಸ್ವೀಕರಿಸುವದು ಬೇರೆ, ಅದನ್ನು ಬರಿದುಮಾಡುವದು ಬೇರೆ. ಕೂತುಕೊಂಡು, ಕೃತಜ್ಞತೆಯಿಂದ ಒಂದು ಚೂರನ್ನು ಮುರಿದು ಬಾಯಲ್ಲಿಟ್ಟು, ಮಾಡಿದವಳ ಕೈರುಚಿಯನ್ನು ಹೊಗಳಿ, ಮಕ್ಕಳನ್ನು ಮಾತಾಡಿಸಿ, ಪ್ರಾರ್ಥನೆ ಮಾಡಿ ಹೊರಟವನು ಆ ಮನೆಯನ್ನು ಮಾನಿಸಿದ್ದಾನೆ. ನಿಂತಲ್ಲೇ ನಾಲ್ಕನ್ನು ನುಂಗಿ ಗಡಿಯಾರ ನೋಡಿ ಹೊರಟವನು ತಟ್ಟೆಯನ್ನು ಬರಿದುಮಾಡಿದರೂ ಮನೆಯನ್ನು ಮಾನಿಸಲಿಲ್ಲ. ರೋಗಿಯು ನಾಚಿಕೆಪಡದೆ, ನನಗೆ ಸಕ್ಕರೆ ಕಾಯಿಲೆಯುಂಟು, ಒಂದು ಚೂರು ಸಾಕು ಎಂದು ಬಾಯಿಬಿಟ್ಟು ಹೇಳಲಿ. ರೋಗವನ್ನು ಮುಚ್ಚಿಟ್ಟು ಪಂಕ್ತಿಯಲ್ಲಿ ತಿಂದು ರಾತ್ರಿಯಲ್ಲಿ ಮಾತ್ರೆಯನ್ನು ಇಮ್ಮಡಿ ನುಂಗುವದು ಅಪಾಯಕರ. ಅದರೊಳಗೆ ಸುಳ್ಳೂ ಉಂಟು.

ಬಡಿಸುವವರ ಕರ್ತವ್ಯವು ಇದಕ್ಕಿಂತ ದೊಡ್ಡದು. ನನ್ನ ಮೇಲೆ ಪ್ರೀತಿಯಿದ್ದರೆ ಇನ್ನೊಂದು ಹಾಕಿಸಿಕೊಳ್ಳಿ ಎಂದು ಒತ್ತಾಯಿಸುವವಳು ಯಾರನ್ನು ಪ್ರೀತಿಸುತ್ತಾಳೆಂದು ತನ್ನಷ್ಟಕ್ಕೆ ಕೇಳಿಕೊಳ್ಳಲಿ. ಉಣ್ಣುವವನ ಹಿತಕ್ಕಿಂತ ಬಡಿಸುವವಳ ಸಂತೋಷವೇ ಮುಂದಾದರೆ ಅದು ಪ್ರೀತಿಯ ವೇಷದಲ್ಲಿರುವ ಸ್ವಾರ್ಥವು. ಕೊರಿಂಥ ಸಭೆಯವರಿಗೆ ಮಾಂಸದ ವಿಷಯ ಬರೆಯುವಾಗ ಅಪೊಸ್ತಲನಾದ ಪೌಲನು, ತಿನ್ನುವದರಲ್ಲಿ ತನಗೆ ಸ್ವಾತಂತ್ರ್ಯವಿದ್ದರೂ ಸಹೋದರನಿಗೆ ಅದು ವಿಘ್ನವಾಗುವದಾದರೆ ಅದನ್ನು ಬಿಟ್ಟೇಬಿಡುವದಾಗಿ ತಿಳಿಸಿದನು. ಆ ಕಾಲದ ವಿಘ್ನವು ಮನಸ್ಸಾಕ್ಷಿಗೆ ಸಂಬಂಧಪಟ್ಟದ್ದು, ಇದು ದೇಹಕ್ಕೆ ಸಂಬಂಧಪಟ್ಟದ್ದು. ಆದರೂ ಸಹೋದರನನ್ನು ನೋಡಿ ನಮ್ಮ ಸ್ವಾತಂತ್ರ್ಯವನ್ನು ಅಳೆಯಬೇಕೆಂಬ ನ್ಯಾಯವು ಒಂದೇ.

ಇಲ್ಲಿ ಒಂದು ಆಕ್ಷೇಪಣೆಯು ಹುಟ್ಟಬಹುದು. ಕಾನಾ ಊರಿನ ಮದುವೆಯಲ್ಲಿ ಕರ್ತನು ಆರು ಕಲ್ಲಿನ ಬಾನೆಗಳನ್ನು ಕಂಠದ ತನಕ ತುಂಬಿಸಿದನಲ್ಲವೇ? ಅಳೆದು ತೂಗಿ ಮಾಡುವ ಹಬ್ಬವು ಹಬ್ಬವೋ? ಈ ಆಕ್ಷೇಪಣೆಯಲ್ಲಿ ಸತ್ಯವುಂಟು. ಹಬ್ಬವನ್ನು ಉಪವಾಸವಾಗಿ ಮಾಡುವದು ನಮ್ಮ ಉದ್ದೇಶವಲ್ಲ. ಆದರೆ ಕರ್ತನು ಆ ಸಮೃದ್ಧಿಯನ್ನು ಯಾಕೆ ಕೊಟ್ಟನು? ಬಡ ಮನೆಯವನು ನೆಂಟರ ಮುಂದೆ ನಾಚಿಕೆಗೆ ಗುರಿಯಾಗದಂತೆ ಕೊಟ್ಟನು. ಆತನ ದೃಷ್ಟಿಯು ಬಾನೆಗಳ ಮೇಲಲ್ಲ, ಜನರ ಮೇಲೆ ಇತ್ತು. ನೆಹೆಮೀಯನ ದಿನಗಳಲ್ಲಿ ಜನರಿಗೆ ಹಬ್ಬದ ಅಪ್ಪಣೆಯಾದಾಗಲೂ ಮೃಷ್ಟಾನ್ನದ ಮಾತಿನೊಂದಿಗೆ ಇನ್ನೊಂದು ಮಾತು ಕೂಡಿತ್ತು: ಏನೂ ಸಿದ್ಧಮಾಡದವರಿಗೆ ಪಾಲನ್ನು ಕಳುಹಿಸಬೇಕೆಂಬದು. ಜ್ಞಾನೋಕ್ತಿಗಳ ಪುಸ್ತಕವು ಜೇನನ್ನು ನಿಷೇಧಿಸುವದಿಲ್ಲ. ಮಿತಿಮೀರಿದ ಜೇನಿನ ವಿಷಯದಲ್ಲಿ ಎಚ್ಚರಿಸುತ್ತದೆ. ಇದರಿಂದ, ಸಿಹಿಯು ದೇವರ ವರವೆಂತಲೂ ಅಳತೆಯು ಆ ವರದ ಭಾಗವೆಂತಲೂ ತಿಳಿಯಬಹುದು.

ಆದರೆ ರೋಗಿಯೊಬ್ಬನಿಗೆ ಮಾತ್ರ ಬೇರೆ ಪಾತ್ರೆಯಲ್ಲಿ ಸಪ್ಪಗಿನ ಗಂಜಿಯನ್ನಿಟ್ಟು ಮೂಲೆಯಲ್ಲಿ ಕೂರಿಸುವದೂ ಪ್ರೀತಿಯಲ್ಲ. ಅವನೂ ಹಬ್ಬಕ್ಕೆ ಕರೆಯಲ್ಪಟ್ಟವನು. ಆದ್ದರಿಂದ ಮನೆಯವರೆಲ್ಲರ ಅಡಿಗೆಯನ್ನೇ ಸ್ವಲ್ಪ ಹಗುರಮಾಡುವದು ಉತ್ತಮ. ಹೊಸ್ತಿಲಲ್ಲಿ ನಿಂತವರು ಆ ಮನೆಯಲ್ಲಿಯೇ ಇನ್ನೊಬ್ಬರಿದ್ದರೂ ಇರಬಹುದು. ಇದಕ್ಕೆ ಕೆಲವು ಉಪಾಯಗಳನ್ನು ಹೇಳುತ್ತೇವೆ.

ಹೂರಣಕ್ಕೆ ಹಾಕುವ ಬೆಲ್ಲವನ್ನು ಮೂರರಲ್ಲೊಂದು ಪಾಲು ತಗ್ಗಿಸಿ, ಬೇಳೆಯನ್ನು ಹೆಚ್ಚಿಸಿ, ಏಲಕ್ಕಿ ಜಾಯಿಕಾಯಿ ಸೇರಿಸಿದರೆ ಸಿಹಿ ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತೋರುವದಿಲ್ಲ. ಹೋಳಿಗೆಯನ್ನು ಅಂಗೈಯಗಲ ತಟ್ಟಿ, ತುಪ್ಪವನ್ನು ಸುರಿಯದೆ ಸವರಬಹುದು. ಕಡುಬನ್ನು ಕರಿಯುವದಕ್ಕೆ ಬದಲಾಗಿ ಹಬೆಯಲ್ಲಿ ಬೇಯಿಸಬಹುದು. ಒಂದು ಚಮಚ ಎಣ್ಣೆಯಲ್ಲಿ ಒಂದು ಚಮಚ ಸಕ್ಕರೆಗಿಂತ ಇಮ್ಮಡಿಗೂ ಹೆಚ್ಚಾದ ಶಾಖವಿರುವದರಿಂದ, ಮೈಭಾರವನ್ನು ಇಳಿಸಬೇಕಾದವರಿಗೆ ಇದು ದೊಡ್ಡ ಉಪಕಾರ. ಆದರೂ ಅದು ಅಕ್ಕಿಹಿಟ್ಟಿನದಾದ್ದರಿಂದ ಒಂದೆರಡಕ್ಕೆ ನಿಲ್ಲಿಸತಕ್ಕದ್ದು. ಪಾಯಸವನ್ನು ಲೋಟದಲ್ಲಿ ಕೊಡದೆ ಚಿಕ್ಕ ಬಟ್ಟಲಲ್ಲಿ ಕೊಡಲಿ. ಬೆಲ್ಲವು ರೋಗಿಗೆ ಹಾನಿಮಾಡದೆಂದು ಅನೇಕರು ನಂಬಿದ್ದಾರೆ. ಬೆಲ್ಲವೂ ಜೇನೂ ಸಕ್ಕರೆಯ ಒಡಹುಟ್ಟಿದವುಗಳೇ, ರಕ್ತದಲ್ಲಿ ಅದರಂತೆಯೇ ಏರುತ್ತವೆ. ಊಟದಲ್ಲಿ ಮೊದಲು ಕೋಸಂಬರಿ, ಪಲ್ಯ, ಉಸಲಿ, ಎಣ್ಣೆ ಕಡಿಮೆಯಾದ ಕೋಳಿ ಇಲ್ಲವೆ ಮೀನಿನ ಸಾರು ಇವುಗಳನ್ನು ತಿಂದು, ಅನ್ನವನ್ನೂ ಸಿಹಿಯನ್ನೂ ಕಡೆಗೆ ಸ್ವಲ್ಪವಾಗಿ ತಕ್ಕೊಂಡರೆ ಸಕ್ಕರೆಯು ಒಮ್ಮೆಲೇ ಏರುವದಿಲ್ಲ. ಹೋಳಿಗೆ ತಿನ್ನುವ ದಿನ ಅನ್ನವನ್ನು ಕಡಿಮೆಮಾಡಲಿ. ಉಂಡ ಮೇಲೆ ಮಲಗದೆ, ಕಾಲ್ನಡೆಯಾಗಿ ನೆಂಟರ ಮನೆಗೆ ಹೋಗಲಿ. ಆರಾಧನೆಯ ತರುವಾಯ ಚಹಾ ಕೊಡುವ ಸಭೆಗಳು ಸಕ್ಕರೆಯನ್ನು ಬೇರೆಯಾಗಿ ಇಡಲಿ. ಸಾಧ್ಯವಾದರೆ ದಿನಕ್ಕೆ 25 ಗ್ರಾಮು, ಅಂದರೆ ಸುಮಾರು ಆರು ಚಿಕ್ಕ ಚಮಚಗಳನ್ನು ಮೀರದಿರುವದು ಒಳ್ಳೇದೆಂದು ಲೋಕಾರೋಗ್ಯ ಸಂಸ್ಥೆಯು 2015ರಲ್ಲಿ ಆರೋಗ್ಯವಂತರಿಗೂ ಹೇಳಿದೆ. ಎರಡೆರಡು ಚಮಚದ ಮೂರು ಲೋಟ ಚಹಾ ಕುಡಿಯುವಷ್ಟರಲ್ಲಿ ಅದು ಮುಗಿಯಿತು.

ಒಂದು ಎಚ್ಚರಿಕೆಯನ್ನು ಬಿಡಬಾರದು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ ಕೆಲವು ಬಗೆಯ ಮಾತ್ರೆಗಳನ್ನು ತಿನ್ನುವವರೂ, ರಾತ್ರಿಯ ಹಬ್ಬದೂಟಕ್ಕೆ ಹಸಿವು ಉಳಿಯಲೆಂದು ಮಧ್ಯಾಹ್ನ ಉಪವಾಸವಿರಬಾರದು. ಪ್ರಾರ್ಥಿಸಿದ್ದೇವೆಂದು ವೈದ್ಯರನ್ನು ಕೇಳದೆ ಔಷಧವನ್ನು ನಿಲ್ಲಿಸಲೂ ಬಾರದು. ಹೊಟ್ಟೆ ಬರಿದಾಗಿ ರಕ್ತದ ಸಕ್ಕರೆಯು ಇಳಿದರೆ ಕೈಕಾಲು ನಡುಗಿ, ಬೆವತು, ಬುದ್ಧಿ ಮಂಕಾಗುತ್ತದೆ. ಆಗ ಎಚ್ಚರವಿರುವಾಗಲೇ ಮೂರು ನಾಲ್ಕು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು; ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ನೋಡಿರಿ, ಯಾವ ಸಕ್ಕರೆಯು ರೋಗವನ್ನು ಹೆಚ್ಚಿಸಿತೋ ಅದೇ ಆ ಗಳಿಗೆಯಲ್ಲಿ ಪ್ರಾಣವನ್ನು ಉಳಿಸುತ್ತದೆ. ವಸ್ತುವಿನಲ್ಲಿ ಪಾಪವಿಲ್ಲ, ಕಾಲವನ್ನೂ ಅಳತೆಯನ್ನೂ ಅರಿಯುವ ವಿವೇಕವು ನಮಗೆ ಬೇಕು.

ಒಂದು ದಿನದ ಹಬ್ಬಕ್ಕೆ ಇಷ್ಟು ಮಾತು ಯಾಕೆಂದು ಕೇಳುವವರಿಗೆ ನಮ್ಮ ಉತ್ತರವಿದು. ಹಬ್ಬವು ಒಂದೇ ದಿನದಲ್ಲಿ ಮುಗಿಯುವದಾದರೆ ನಾವು ಸುಮ್ಮನಿರುತ್ತಿದ್ದೆವು. ಹಾಡುವವರು ಮನೆಮನೆಗೆ ತಿರುಗುವ ರಾತ್ರಿಗಳಿಂದ ಹೊಸ ವರುಷದ ಆರಾಧನೆಯ ತನಕ ಡಬ್ಬಿಯ ಮುಚ್ಚಳವು ತೆರೆದೇ ಇರುತ್ತದೆ. ಬಳಿಕ ಮದುವೆಗಳು, ಆಮೇಲೆ ಕೊಯ್ಲು ಹಬ್ಬ. ಒಂದು ದಿನವೆಂಬ ಮಾತನ್ನು ವರುಷದಲ್ಲಿ ಎಷ್ಟು ಸಾರಿ ಹೇಳುತ್ತೇವೆಂದು ಪ್ರತಿಯೊಬ್ಬನು ಎಣಿಸಿ ನೋಡಲಿ.

ಆದಕಾರಣ ಪ್ರಿಯರೇ, ಈ ಸಾರಿ ಹಬ್ಬಕ್ಕೆ ಮುಂಚಿತವಾಗಿ ಎರಡು ಕೆಲಸಗಳನ್ನು ಮಾಡೋಣ. ಮೂವತ್ತು ವರುಷ ದಾಟಿದವರು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತವನ್ನು ಪರೀಕ್ಷೆ ಮಾಡಿಸಿಕೊಳ್ಳಲಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೀರಿದ್ದರೆ ತಡಮಾಡದಿರಲಿ. ಎಣ್ಣೆ ಬೆಲ್ಲಗಳಲ್ಲಿ ಉಳಿದ ಹಣದಿಂದ, ಯಾರ ಮನೆಯಲ್ಲಿ ಈ ವರುಷ ಬಾಣಲೆಯು ಒಲೆಯ ಮೇಲೆ ಏರಲಿಲ್ಲವೋ ಆ ಮನೆಗೆ ಒಂದು ಸೇರು ಬೇಳೆಯನ್ನೋ ಮಕ್ಕಳಿಗೆ ಬಟ್ಟೆಯನ್ನೋ ಕಳುಹಿಸೋಣ. ನಮಗಾಗಿ ಮನುಷ್ಯದೇಹವನ್ನು ಧರಿಸಿ ಬಂದಾತನ ಜನನವನ್ನು ಕೊಂಡಾಡುವವರು, ಆತನು ತನ್ನದಾಗಿ ಮಾಡಿಕೊಂಡ ಈ ದೇಹವನ್ನು, ನಮ್ಮದನ್ನೂ ನೆರೆಯವನದನ್ನೂ, ಜೋಕೆಯಾಗಿ ಕಾಯುವಂತೆ ದೇವರು ನಮ್ಮೆಲ್ಲರಿಗೂ ಬುದ್ಧಿಯನ್ನು ಅನುಗ್ರಹಿಸಲಿ.